ಶಟ್ಟೆವ್ವನ ಉಸಿರಿದ್ದಷ್ಟು ಹೊತ್ತು

ರಾಮದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ನನ್ನ ಕೆಲಸ. ಈ ನಲವತ್ತು ವರ್ಷದಲ್ಲಿ ನನ್ನ ತಲೆ ಕೆಡಿಸಿದ್ದು ತಂತಿಯಲ್ಲ, ರೈತರು. ಐದು ಎಚ್‌ಪಿ ಮೋಟರನ್ನು ಬಾವಿಗೆ ಇಳಿಬಿಡುತ್ತಾರೆ, ಅದೂ ಎಂಥ ಹಗ್ಗದಲ್ಲಿ? ಕರು ಕಟ್ಟಲಿಕ್ಕೂ ಲಾಯಕ್ಕಿಲ್ಲದ್ದು! ಹಗ್ಗ ಹರಿದು ಮೋಟರು ತಳ ಕಂಡಮೇಲೆ ಲಕ್ಕಪ್ಪನ ಮನೆಗೆ ಓಡುತ್ತಾರೆ.

ಲಕ್ಕಪ್ಪ ತೊರಗಲ್ಲಿನವನು. ಎರಡೆಕರೆ ಜೋಳದ ಹೊಲವಿದೆ, ಆದರೆ ಸುತ್ತಲಿನ ಊರಿಗೆಲ್ಲ ಅವನು ಗೊತ್ತಿರುವುದು ಬಾವಿಯಲ್ಲಿ ಮುಳುಗಿ ವಸ್ತು ತೆಗೆದುಕೊಡುವವನೆಂದು. ಮೋಟರು, ಕೊಡ, ಒಂದು ಸಲ ಸೈಕಲ್ಲು, ಇನ್ನೊಂದು ಸಲ ಚಚಡಿ ಎಂಬ ಊರಿನಲ್ಲಿ ಜೀವಂತ ಹೋತ. ಮೇಲೆ ಬಂದ ಕೂಡಲೇ ಆ ಹೋತ ಇವನನ್ನೇ ಹಾಯ್ದಿತಂತೆ. ಅದಕ್ಕೇನು ಗೊತ್ತು ಉಪಕಾರ!

ಲಕ್ಕಪ್ಪ ಮುಳುಗಬೇಕಾದರೆ ಸೊಂಟದ ಹಗ್ಗ ಹಿಡಿಯಲು ಹೆಂಡತಿ ಶಟ್ಟೆವ್ವನೇ ಬೇಕು. ಮದುವೆಯಾದ ಹೊಸದರಲ್ಲಿ ಅವನೊಮ್ಮೆ ಹಟಕ್ಕೆ ಬಿದ್ದು ತಳದಲ್ಲೇ ಉಳಿದು, ಮೂಗಿನಿಂದ ರಕ್ತ ಸುರಿಸಿಕೊಂಡು ಮೇಲೆ ಬಂದಿದ್ದ. ಅವತ್ತೇ ಅವಳು ಕಾಯ್ದೆ ಮಾಡಿಬಿಟ್ಟಳು.

"ಇನ್ನ ಮ್ಯಾಲ ಹಗ್ಗಾ ನಾ ಹಿಡೀತೇನಿ. ನೀವು ಮುಳುಗಿದ ಕೂಡ್ಲೆ ನಾನೂ ಉಸರು ಹಿಡೀತೇನಿ. ನನ್ನ ಉಸರು ತೀರತಂದ್ರ ಎಳದಬಿಡ್ತೇನಿ. ಮೋಟರ ಸಿಗಲಿ, ಬಿಡಲಿ."

ಇಪ್ಪತ್ತಾರು ವರ್ಷದಿಂದ ಹೀಗೇ ನಡೆದಿದೆ. ಅವನು ನೀರಿನಲ್ಲಿ, ಇವಳು ದಂಡೆಯ ಮೇಲೆ ಗಲ್ಲ ಉಬ್ಬಿಸಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು. ನೋಡಿದವರು ನಗುತ್ತಾರೆ. ನಾನೂ ನಕ್ಕಿದ್ದೇನೆ. ಇವಳಿಗೋ ಮೊಣಕಾಲಿನ ಮೇಲೆ ನೀರು ಬಂದರೆ ಜೀವವೇ ಬಾಯಿಗೆ ಬರುತ್ತದೆ, ಈಜು ಅಂತೂ ಕೇಳಲೇಬೇಡಿ.

ಹೋದ ವರ್ಷ ಶ್ರಾವಣದ ಮೊದಲ ಸೋಮವಾರ ನಾಳೆ ಎನ್ನುವಾಗ, ತೊರಗಲ್ಲಿನ ನಾಲ್ಕು ಹೆಂಗಸರು ಗುಡ್ಡದ ಹಿಂದಿನ ಸಿದ್ಧನ ಗವಿಯನ್ನು ಸಾರಿಸಲು ಹೋದರು. ಶಟ್ಟೆವ್ವ, ಅವಳ ನೆಗೆಣ್ಣಿ, ಅಂದರೆ ವಾರಗಿತ್ತಿ, ಭಾಗೀರಥಿ, ಮತ್ತಿಬ್ಬರು. ಗವಿಯ ಬಾಯಿಂದ ಒಂಬತ್ತು ಮೆಟ್ಟಿಲು ಕೆಳಗಿಳಿಯಬೇಕು. ಆಮೇಲೆ ಏಳೆಂಟು ಮಾರು ಉದ್ದದ ತಗ್ಗು ಓಣಿ, ಬಗ್ಗಿಕೊಂಡೇ ದಾಟಬೇಕು. ದಾಟಿ ಮತ್ತೆ ಮೇಲೆ ಹತ್ತಿದರೆ ಸಿದ್ಧನ ಕೋಣೆ. ಇವರು ಆ ಕೋಣೆಯಲ್ಲಿ ಕಸಬರಿಗೆ ಹಿಡಿದಿದ್ದಾಗ ಹೊರಗೆ ಮಧ್ಯಾಹ್ನದ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಗುಡ್ಡದ ನೀರೆಲ್ಲ ಗವಿಯ ಬಾಯಿಗೇ ನುಗ್ಗಿ, ನಡುವಿನ ಓಣಿ ಚಾವಣಿ ಮುಟ್ಟುವಷ್ಟು ತುಂಬಿತು. ಹೆಂಗಸರು ಆ ಕಡೆ ಉಳಿದರು.

ವೀರಪ್ಪ ಎಂಬ ರೈತನ ಡೀಸೆಲ್ ಪಂಪು ರಿಪೇರಿಗೆಂದು ನಾನು ಅವತ್ತು ಅದೇ ಊರಿಗೆ ಬಂದಿದ್ದೆ. ಸುದ್ದಿ ಬಂದ ಕೂಡಲೇ ಪಂಪನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದೆವು. ಮಳೆ ನಿಂತಿತ್ತು. ಗವಿಗೆ ಬರುವ ನೀರನ್ನು ಜನ ಮಣ್ಣಿನ ಒಡ್ಡು ಹಾಕಿ ತಿರುಗಿಸಿದ್ದರು. ಅಗ್ನಿಶಾಮಕದ ಗಾಡಿ ಹೊರಟಿತ್ತು, ಆದರೆ ನಡುವೆ ಹಳ್ಳ ತುಂಬಿ ಬಂದು ಆಚೆ ದಂಡೆಯಲ್ಲಿ ನಿಂತಿತ್ತು. ಮೆಟ್ಟಿಲ ಮೇಲಿನಿಂದ ಪೈಪು ಇಳಿಬಿಟ್ಟರೆ ಪಂಪು ರಾಡಿ ಕುಡಿದು ಕೆಮ್ಮಿ ನಿಂತುಬಿಡುತ್ತಿತ್ತು. ಪೈಪಿನ ಬಾಯಿ ಓಣಿಯ ನಡುವೆ ಎಲ್ಲಕ್ಕಿಂತ ತಗ್ಗಾದ ಕುಣಿಯಲ್ಲಿ ಕೂರಬೇಕು. ಕೂರಿಸುವವರು ಯಾರು? ಒಳಗಿನವರು ಬದುಕಿದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ. ಕೂಗಿದರೆ ನೀರು ಉತ್ತರ ಕೊಡುತ್ತದೆಯೇ?

ಲಕ್ಕಪ್ಪ ಹೊಲದಿಂದ ಓಡಿಬಂದ. ತಲೆಗೆ ಬ್ಯಾಟರಿ ಕಟ್ಟಿಕೊಂಡ, ಸೊಂಟಕ್ಕೆ ಹಗ್ಗ ಬಿಗಿದ. ಹಗ್ಗದ ಇನ್ನೊಂದು ತುದಿ ಹಿಡಿದು ಹಿಂದೆ ತಿರುಗಿ ಕೈ ಚಾಚಿದ. ರೂಢಿ ನೋಡಿ. ತೆಗೆದುಕೊಳ್ಳುವವಳು ಅಲ್ಲಿರಲಿಲ್ಲ. ಒಂದು ಕ್ಷಣ ಆ ಕೈ ಹಾಗೇ ನಿಂತಿತು. 

"ಕಾಕಾ, ನೀವು ಹಿಡೀರಿ," ಎಂದ ನನ್ನ ಕಡೆ ತಿರುಗಿ.

"ನಾ ಯಾಕಪಾ? ಇಷ್ಟ ಮಂದಿ ಗಟ್ಟಿ ಆಳು ಅದಾರ."

"ಅವರು ಮಾತಾಡ್ತಾರ್ರಿ. ನೀವು ಸಿಟ್ಟಿಗೆದ್ದು ಸುಮ್ಮನ ನಿಂದರತೀರಿ. ಎರಡ ಸಲ ಜಗ್ಗಿದ್ರ ನನ್ನ ಹೊರಗ ಎಳೀರಿ. ಮೂರ ಸಲ ಜಗ್ಗಿದ್ರ ಹಗ್ಗಕ್ಕ ಪೈಪ ಕಟ್ರಿ."

"ಮತ್ತ ಉಸರಿಂದು?"

"ಅಕಿ ಮಾಡಿದಂಗ ಮಾಡ್ರಿ."

ಅವನು ಮುಳುಗಿದ. ನಾನು ಉಸಿರು ಹಿಡಿದೆ. ನಲವತ್ತು ವರ್ಷ ಬೀಡಿ ಸೇದಿದ ಎದೆ ನನ್ನದು. ಹದಿನೈದು ಎಣಿಸುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಗಾಬರಿಯಾಗಿ ಎಳೆದೇಬಿಟ್ಟೆ. ಲಕ್ಕಪ್ಪ ಹಿಂದುಮುಂದಾಗಿ ಹೊರಬಂದ, ಚಾವಣಿಗೆ ಬಡಿದು ಹಣೆ ಬಾತಿತ್ತು.

"ಏನ ಮಾಡಿದ್ಯೋ ಮುದುಕಾ! ಅರ್ಧಾ ದಾರಿ ಮುಟ್ಟಿದ್ದೆ!"

ಇಪ್ಪತ್ತು ವರ್ಷದ ಪರಿಚಯದಲ್ಲಿ ಅವನು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಕರೆಯಲಿ ಬಿಡಿ, ತಪ್ಪು ನನ್ನದೇ.

"ಈಗ ಉಸರು ಹಿಡೀಬ್ಯಾಡ್ರಿ," ಎಂದ, ಸ್ವಲ್ಪ ತಣ್ಣಗಾಗಿ. "ಹಗ್ಗಾ ಅಷ್ಟ ಹಿಡೀರಿ. ನಾ ಜಗ್ಗೂತನಕಾ ಎಳೀಬ್ಯಾಡ್ರಿ. ಎಷ್ಟ ಹೊತ್ತಾದ್ರೂ."

"ಏ, ಆಗೂದಿಲ್ಲೋ! ನಿನಗೇನರ ಆದ್ರ ಶಟ್ಟೆವ್ವಗ ನಾ ಏನ ಉತ್ತರಾ ಕೊಡ್ಲಿ?"

"ಅಕಿ ಒಳಗದಾಳ. ಉತ್ತರಾ ನಾನ ಹೋಗಿ ಕೊಡ್ತೇನಿ."

ಮತ್ತೆ ಮುಳುಗಿದ. ಹಗ್ಗ ನನ್ನ ಕೈಯಿಂದ ಸರಸರನೆ ಹೋಯಿತು. ಮೂರು ಮಾರು, ನಾಲ್ಕು, ಐದು, ಆರು. ಅಲ್ಲಿ ನಿಂತುಬಿಟ್ಟಿತು.

ನಾನು ಒಮ್ಮೆ ಉಸಿರಾಡಿದೆ. ಹಗ್ಗ ಅಲುಗಲಿಲ್ಲ. ಮತ್ತೆ ಉಸಿರಾಡಿದೆ, ಅವನ ಪಾಲಿನದನ್ನೇ ಕದ್ದಂತೆ ಅನ್ನಿಸಿತು. ಪಕ್ಕದಲ್ಲಿ ವೀರಪ್ಪ, "ಎಳೀರಿ ನಿಜಗುಣಪ್ಪಾರ, ಹೋದಾ ಅಂವಾ, ಎಳೀರಿ!" ಎಂದು ನನ್ನ ಹೆಸರು ಹಿಡಿದು ಬಡಕೊಳ್ಳತೊಡಗಿದ.

"ಬಾಯಿ ಮುಚ್ಚತೀಯೋ, ನಿನ್ನ ಪಂಪ ಹಳ್ಳಕ್ಕ ಒಗೀಲ್ಯೋ?" ಎಂದೆ. ಬೈದೆ ನಿಜ, ಆದರೆ ನನ್ನ ಕೈಗಳು ಆಗಲೇ ಎಳೆಯಲು ಹೊರಟಿದ್ದವು.  ಜೀವನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಎಳೀಬ್ಯಾಡ್ರಿ ಅಂದಿದ್ದಾನೆ, ಎಳೀಬ್ಯಾಡ್ರಿ ಅಂದಿದ್ದಾನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನಿಂತೆ.

ಆಗ ಹಗ್ಗ ಮತ್ತೆ ಒಳಕ್ಕೆ ಸರಿಯಿತು. ಈಜುವವನು ಒಯ್ದಂತೆ ಸರಸರನೆ ಅಲ್ಲ. ಒಂದು ಕೈ, ಇನ್ನೊಂದು ಕೈ, ಮತ್ತೊಂದು ಕೈ, ಎಂದು ಅಳತೆ ಮಾಡಿದಂತೆ. ಆ ಎಳೆತವನ್ನು ನಾನು ನೂರು ಬಾವಿಯ ದಂಡೆಯ ಮೇಲೆ ನೋಡಿದ್ದೇನೆ. ಅದು ಶಟ್ಟೆವ್ವನದು! ಹೇಗೆ, ಏನು, ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮೂರು ಸಲ ಜಗ್ಗಿದ್ದು ಬಂತು. ನಾನು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ. ಜನ ನೋಡಿದರೆ ನೋಡಲಿ.

ಪೈಪು ಕಟ್ಟಿದೆವು. ಒಳಗಿನವರು ಎಳೆದುಕೊಂಡರು. ಲಕ್ಕಪ್ಪ ಮತ್ತೆ ಮುಳುಗಿ ಅದರ ಬಾಯಿಯನ್ನು ಕುಣಿಯಲ್ಲಿಟ್ಟು ಕಲ್ಲು ಹೇರಿದ. ವೀರಪ್ಪನ ಪಂಪು, ನಾನು ರಿಪೇರಿ ಮಾಡಿದ್ದು ಸ್ವಾಮಿ, ಎರಡೂವರೆ ತಾಸು ಒಂದೇ ಸಮ ಹೊಡೆಯಿತು. ಹೊತ್ತು ಮುಳುಗುವ ಮುಂಚೆ ಎದೆಮಟ್ಟದ ನೀರಿನಲ್ಲಿ ನಾಲ್ವರೂ ಒಬ್ಬರ ಸೆರಗು ಒಬ್ಬರು ಹಿಡಿದು ಹೊರಬಂದರು. ಕೈಯಲ್ಲಿ ಕಸಬರಿಗೆ, ಬಕೆಟ್ಟು ಸಹಿತ. ಒಂದನ್ನೂ ಬಿಟ್ಟಿರಲಿಲ್ಲ!

ನಡೆದದ್ದನ್ನು ಹೇಳಿದವಳು ಭಾಗೀರಥಿ. ಒಳಗೆ ಗವ್ವೆನ್ನುವ ಕತ್ತಲೆ. ಒಮ್ಮೆ ನೀರಿನಡಿ ಬೆಳಕು ಕಂಡು, ಹಿಂದೆ ಸರಿದು ಆರಿಹೋಗಿತ್ತು. ಅದು ನನ್ನ ಪ್ರತಾಪ. ಎರಡನೆಯ ಸಲ ಬೆಳಕು ಕಂಡಾಗ ಶಟ್ಟೆವ್ವ ಗಲ್ಲ ಉಬ್ಬಿಸಿ ಕೂತಳಂತೆ. ಬೆಳಕು ಹತ್ತಿರ ಬಂದು ನಿಂತುಬಿಟ್ಟಿತು. ನೀರಿನಲ್ಲಿ ಹರಿದುಬಂದ ಜಾಲಿಯ ಮುಳ್ಳುಕಂಟಿಯಲ್ಲಿ ಲಕ್ಕಪ್ಪನ ಕಾಲು ಸಿಕ್ಕಿತ್ತು.

"ನಾವು ಅಂವಾ ಬರತಾನ ಅಂತ ಕಾಯಾಕತ್ತಿದ್ವಿ ನೋಡ್ರಿ ಕಾಕಾ," ಎಂದಳು ಭಾಗೀರಥಿ. "ಇಕಿ ಫುಸ್ ಅಂತ ಉಸರು ಬಿಟ್ಟು, ನನ್ನ ಕೈಯಾಗ ತನ್ನ ಸೆರಗು ಕೊಟ್ಟು, ನೀರಾಗ ಇಳದಬಿಟ್ಲು. ಕುತಿಗೀ ಮಟಾ! ಬೆಳಕಿಗೆ ಕೈ ಹಾಕಿ ಎಳದ್ಲು. ಮದಲ ಅಂವನ್ನ, ಆಮ್ಯಾಲ ಹಗ್ಗಾ."

ನಾನು ಶಟ್ಟೆವ್ವನ ಮುಖ ನೋಡಿದೆ. ಅವಳು ಗಂಡನ ಕಾಲಿನ ಮುಳ್ಳು ಕೀಳುತ್ತ ಕೂತಿದ್ದಳು.

"ನೀರಿಗೆ ಅಂಜಿಕಿ ಬರಲಿಲ್ಲೇನವಾ?"

"ಉಸರು ತೀರಿತ್ತಲ್ರಿ ಕಾಕಾ," ಎಂದಳು, ಇದೆಂಥ ಪ್ರಶ್ನೆ ಎನ್ನುವಂತೆ.

ಅವತ್ತಿನ ಥಂಡಿ ಅವಳ ಎದೆಯಲ್ಲಿ ಕೂತು ತಿಂಗಳುಗಟ್ಟಲೆ ಕೆಮ್ಮು ಹಿಡಿಯಿತು. ಕೆಮ್ಮು ಹೋಯಿತು, ಉಸಿರು ಮಾತ್ರ ಮೊದಲಿನ ಅರ್ಧಕ್ಕೆ ಇಳಿಯಿತು. ನಾನು ಬೀಡಿ ಬಿಟ್ಟೆ. ಈಗ ಉಸಿರು ಹಿಡಿದು ಮೂವತ್ತರ ತನಕ ಎಣಿಸಬಲ್ಲೆ.

ಈ ಬೇಸಿಗೆಯಲ್ಲಿ ಸವದತ್ತಿಯ ಹತ್ತಿರ ಗಂಗಯ್ಯ ಎಂಬವರ ಬಾವಿಗೆ ಮೋಟರು ಬಿತ್ತು, ಅದೇ ಲಾಯಕ್ಕಿಲ್ಲದ ಹಗ್ಗ. ನಾನೂ ಹೋಗಿದ್ದೆ. ಲಕ್ಕಪ್ಪ ಮುಳುಗಿದ, ಶಟ್ಟೆವ್ವ ಎಳೆದಳು. ಮುಳುಗಿದ, ಎಳೆದಳು. ಮೂರು ಸಲವಾದರೂ ಮೋಟರಿಗೆ ಕೊಂಡಿ ಬೀಳಲಿಲ್ಲ. ಗಂಗಯ್ಯನವರಿಗೆ ತಾಳ್ಮೆ ತಪ್ಪಿತು.

"ಏನೋ ಲಕ್ಕಪ್ಪಾ, ಮದಲ ಒಂದ ಮುಳುಗಿಗೆ ತರತಿದ್ದಿ. ಹಗ್ಗಾ ನಮ್ಮ ಆಳಿನ ಕೈಯಾಗ ಕೊಟ್ಟಬಿಡು. ಅಕಿ ಭಾಳ ಲಗೂ ಎಳ್ಯಾಕತ್ತಾಳ."

ಲಕ್ಕಪ್ಪ ಮುಖದ ನೀರು ಒರೆಸಿಕೊಂಡ.

"ಅಕಿ ಉಸರು ಈಗ ಅಷ್ಟ ಐತ್ರಿ ಯಪ್ಪಾ," ಎಂದ. "ನನಗೂ ಅಷ್ಟ ಸಾಕು."

ನಾಲ್ಕನೆಯ ಸಲ ಮುಳುಗಿದ. ದಂಡೆಯ ಮೇಲೆ ಶಟ್ಟೆವ್ವ ಗಲ್ಲ ಉಬ್ಬಿಸಿದಳು. ಅವಳ ಪಕ್ಕದಲ್ಲಿ ನಿಂತು ನಾನೂ ಉಸಿರು ಹಿಡಿದೆ.