ಹಿತ್ತಲಿನ ಬ್ಯಾಗ್‌ಪೈಪು

ಸುಬೇದಾರರ ಎಡಮೊಣಕೈ ಸದಾ ಪಕ್ಕೆಗೆ ಒತ್ತಿಕೊಂಡೇ ಇರುತ್ತಿತ್ತು. ಮೀನುಪೇಟೆಯಲ್ಲಿ ಬಂಗಡೆ ಆರಿಸುವಾಗಲೂ, ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಗೆ ಕೈ ಮಾಡುವಾಗಲೂ ದುಡಿಯುತ್ತಿದ್ದದ್ದು ಬಲಗೈ ಮಾತ್ರ. ಯುದ್ಧದಲ್ಲಿ ಏಟು ಬಿದ್ದಿರಬೇಕು ಎಂದುಕೊಂಡಿದ್ದೆ. ಏಟೂ ಇಲ್ಲ, ಎಂತದೂ ಇಲ್ಲ. ಪಲ್ಟನ್ನಿನ ಬ್ಯಾಂಡಿನಲ್ಲಿ ಬ್ಯಾಗ್‌ಪೈಪಿನ ಚೀಲವನ್ನು ಕಂಕುಳಲ್ಲಿ ಒತ್ತಿ ಒತ್ತಿ ಆ ಕೈ ಹಾಗೇ ನಿಂತುಬಿಟ್ಟಿತ್ತು.

ನಿವೃತ್ತರಾಗಿ ಅಂಕೋಲೆಗೆ ಬಂದವರು ನಮ್ಮ ಪಕ್ಕದ ಮನೆ ಹಿಡಿದರು. ಮದುವೆಯಾಗಿರಲಿಲ್ಲ. ಸಂಜೆಯಾದರೆ ಹಿತ್ತಲಲ್ಲಿ ಅತ್ತಿಂದಿತ್ತ ನಡೆಯುತ್ತ ಊದುವುದು. ಅಬ್ಬಬ್ಬಾ, ಆ ಸದ್ದೇ! ಓಣಿಯ ನಾಯಿಗಳೆಲ್ಲ ಒಟ್ಟಿಗೆ ಊಳಿಡುತ್ತಿದ್ದವು. ಕಾರವಾರದ ಕಚೇರಿಯಲ್ಲಿ ದಿನವಿಡೀ ಜನರಿಂದ ಬೈಸಿಕೊಂಡು, ಬಸ್ಸಿನಲ್ಲಿ ನಿಂತೇ ಬಂದವಳಿಗೆ ತಲೆ ಸಿಡಿಯದೆ ಇರುತ್ತದೆಯೇ? ಮನೆಯಲ್ಲಿ ನಾನೂ ಒಬ್ಬಳೇ, ಆದರೆ ಊರಿಗೆಲ್ಲ ಕೇಳುವಂತೆ ಅದನ್ನು ಸಾರುತ್ತಿರಲಿಲ್ಲ. ಒಂದು ದಿನ ಜಗಳಕ್ಕೆಂದೇ ಹೋದೆ.

“ಇದನ್ನು ನಿಲ್ಲಿಸ್ತೀರೋ ಇಲ್ವೋ?”

“ನಿಲ್ಸೂಕೆ ಆಗೂದಿಲ್ಲ ತಂಗಿ. ಊದದೇ ಬಿಟ್ರೆ ಚರ್ಮದ ಚೀಲ ಒಣಗಿ ಬಿರೀತದೆ. ನೀ ಒಂದ್ಸಲ ಊದಿ ನೋಡು, ಆಮೇಲೆ ಬೈಯಿ.”

ಊದಿದೆ. ಮುಖ ಕೆಂಪಾಯಿತೇ ಹೊರತು ಸದ್ದು ಹೊರಡಲಿಲ್ಲ. ಅವರು ನಕ್ಕರು. ನನಗೆ ಹಠ ಬಂತು.

ಕೊಳಲಿನಂಥ ಒಂದು ಕಲಿಕೆಯ ಕೊಳವೆಯನ್ನು ಕೈಗೆ ಕೊಟ್ಟರು. ವರ್ಷಗಟ್ಟಲೆ ಅದೇ. ಚೀಲ ಕೊಡಿ ಎಂದರೆ “ಬೆರಳು ಮೊದ್ಲು” ಎನ್ನುತ್ತಿದ್ದರು. ಕೊನೆಗೆ ಚೀಲ ಕಂಕುಳಿಗೆ ಬಂದ ದಿನ ಹೇಳಿದರು: “ಉಸಿರು ಎಳ್ಕೊಳ್ಳೂವಾಗ ಕೈ ಒತ್ತು. ನೀ ಉಸಿರು ತಗೊಂಡದ್ದು ಕೇಳೂವವ್ರಿಗೆ ಗೊತ್ತಾಗ್ಬಾರ್ದು.” ನನ್ನ ಬಾಳಿನಲ್ಲಿ ಇಷ್ಟು ಉಪಯೋಗಕ್ಕೆ ಬಂದ ಮಾತು ಬೇರೊಂದಿಲ್ಲ. ಊರಲ್ಲಿ ಅಮ್ಮ ತೀರಿಕೊಂಡ ವರ್ಷ ಕಚೇರಿಯಲ್ಲಿ ದಿನ ದೂಡಿದ್ದೇ ಹಾಗೆ.

ಬ್ಯಾಂಡಿನ ನೆನಪು ಅವರನ್ನು ತಿನ್ನುತ್ತಿತ್ತು. “ಅಲ್ಲಿ ನಾ ತಪ್ಪಿದ್ರೆ ಪಕ್ಕದವ ಮುಚ್ಚಿ ಹಾಕ್ತಿದ್ದ. ಇಲ್ಲಿ ತಪ್ಪೂಕೂ ಜೊತೆ ಇಲ್ಲ ನೋಡು.” ಹೇಳಿ ತಾವೇ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಹೋದ ವರ್ಷ ಕಾರವಾರದ ಡಾಕ್ಟರು, ಶ್ವಾಸಕೋಶ ಸೋತಿದೆ, ಇನ್ನು ಊದಲೇಕೂಡದು ಎಂದರು. ಅಂದಿನಿಂದ ಊದುವ ಕೆಲಸ ನನ್ನದಾಯಿತು. ಅವರು ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಪೇಪರ್ ಬೇಡ, ಮೀನು ಬೇಡ, ಯಾರ ಮಾತೂ ಬೇಡ. ಕಣ್ಣೆದುರೇ ಕುಗ್ಗುತ್ತಿದ್ದರು. ಒಂದು ಸಂಜೆ ಮುಖ ತಿರುಗಿಸಿಕೊಂಡು ಹೇಳಿದರು: “ಬೆರಳಿಗೆ ಎಂತಾ ಆಗಿಲ್ಲ ತಂಗಿ. ಇನ್ನೊಂದ್ಸಲ ನುಡಿಸ್ಬೇಕಿತ್ತು.”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ.

“ಏಳಿ. ಊದೂದು ನಾನು, ಬೆರಳು ನೀವಿಡಿ.”

“ಹುಚ್ಚು ಹಿಡೀತಾ ನಿಂಗೆ? ಪಲ್ಟನ್ನಿನವ್ರು ಕಂಡ್ರೆ ನಗ್ತಾರೆ.”

“ಪಲ್ಟನ್ ಎಲ್ಲಿದೆ ಮಾರಾಯ್ರೆ ಇಲ್ಲಿ?”

ಎದ್ದರು. ನನ್ನೆದುರಿಗೆ ಸ್ಟೂಲು ಎಳೆದು ಕೂತು, ಚೀಲದಿಂದ ಇಳಿಬಿದ್ದ ನುಡಿಸುವ ಕೊಳವೆಯನ್ನು ಬುಡದಲ್ಲಿ ಅರ್ಧ ಸುತ್ತು ತಿರುವಿದರು. ತೂತುಗಳು ನನ್ನ ಕಡೆಗಾದವು, ಅವರು ಆಚೆಯಿಂದ ಕೈ ಬಳಸಿ ಬೆರಳಿಟ್ಟರು. ನಾನು ಊದಿದೆ. ಮೊದಲು ಸ್ವರ ಮುರಿಯಿತು. “ಒತ್ತೇ, ಒತ್ತು!” ಎಂದು ಹವಾಲ್ದಾರನಿಗೆ ಗದರಿಸುವಂತೆ ಗದರಿದರು. ಒತ್ತಿದೆ. ಪಲ್ಟನ್ನಿನ ನಿಧಾನ ನಡಿಗೆಯ ಒಂದು ಧಾಟಿ ಹೊರಟಿತು. ಎಷ್ಟು ಕಲಿತರೂ ನನಗೆ ಕೈಗೂಡದ ಒಂದು ಒನಪು ಅದರಲ್ಲಿತ್ತು. ಮುಗಿದಾಗ ಅವರ ಗಲ್ಲ ಒದ್ದೆಯಾಗಿತ್ತು. ಬಾಯಲ್ಲಿ ಪೈಪು ಇದ್ದದ್ದಕ್ಕೆ ನಾನು ಅಳದೆ ಬಚಾವಾದೆ.

ಆಮೇಲೆ ದಿನವೂ ಹಾಗೇ ನುಡಿಸಿದೆವು. ಅವರು ಮತ್ತೆ ಬಂಗಡೆ ಕೇಳತೊಡಗಿದರು. ಬದುಕಿಕೊಂಡರು ಎಂದೇ ನಂಬಿದ್ದೆ ನಾನು. ಗಣೇಶ ಚೌತಿಯ ಮಾರನೇ ದಿನ ನಿದ್ದೆಯಲ್ಲೇ ಹೋದರು.

ಪೈಪು ನನಗೆ ಬಂತು. ಮುಟ್ಟಲು ಧೈರ್ಯವಾಗದೆ ತುಂಬ ದಿನ ಹಾಗೇ ಇಟ್ಟಿದ್ದೆ. ಮೊನ್ನೆ ಭಾನುವಾರ ಹಿತ್ತಲಿಗೆ ತಂದೆ. ಊದಿ ಚೀಲ ತುಂಬಿಸಿ, ಒತ್ತಿ, ಕಣ್ಣು ಮುಚ್ಚಿ ನಿಂತೆ. ಕೊಳವೆಗೆ ಕೈಯಿಡಬೇಕು ಎಂಬುದೇ ತಲೆಗೆ ಹೊಳೆಯಲಿಲ್ಲ, ಅವರ ಬೆರಳಿಗೆ ಕಾಯುತ್ತಿದ್ದೆ. ತೂತುಗಳೆಲ್ಲ ತೆರೆದೇ ಇದ್ದವು. ಪೈಪು ಒಂದೇ ಸ್ವರದಲ್ಲಿ ಕಿರುಚುತ್ತಿತ್ತು, ನಾನು ಊದುತ್ತಲೇ ಇದ್ದೆ.