ಎಡಗಡೆಯ ಪದಕಗಳು

ಗೋಣಿಬೀಡಿನ ಆ ಮೈದಾನದ ಮುಂದೆ ಹಾದುಹೋದಾಗಲೆಲ್ಲ ಈಗಲೂ ನನಗೆ ಮೈ ಉರಿಯುತ್ತದೆ. ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಸೇನೆಯಲ್ಲಿ ನರ್ಸ್ ಆಗಿದ್ದವರು. ಮದುವೆಯಾಗಲಿಲ್ಲ. ಗಡಿಯ ಆಸ್ಪತ್ರೆಗಳಲ್ಲೇ ಆಯುಷ್ಯ ಸವೆಸಿ, ಮೇಜರ್ ಆಗಿ ನಿವೃತ್ತರಾಗಿ ಊರಿಗೆ ಬಂದರು. ಊರಿನವರ ಬಾಯಲ್ಲಿ ಮಾತ್ರ ಕೊನೆಯವರೆಗೂ ಬರೀ 'ನರ್ಸಮ್ಮ'. ಎಸ್ಟೇಟಿನಲ್ಲಿ ಯಾರ ಕಾಲಿಗೆ ಕತ್ತಿ ತಾಗಿದರೂ ಅವರ ಜಗುಲಿಯೇ ಬೇಕು. ಸ್ವಾತಂತ್ರ್ಯ ದಿನ ಮಾಜಿ ಸೈನಿಕರನ್ನು ವೇದಿಕೆಗೆ ಕರೆಯುವಾಗ ಅವರ ನೆನಪು ಯಾರಿಗೂ ಬಾರದು.

"ನಮ್ಮೂರಲ್ಲಿ ಒಂದು ಸಲನಾದ್ರೂ ಸೋಲ್ಜರ್ ಅಂತ ಕರೆಸ್ಕೊಂಡು ಸಾಯ್ಬೇಕು ಮಾರಾಯ್ತಿ" ಎಂದು ಒಂದು ದಿನ ಕಾಫಿ ಕುಡಿಯುತ್ತಾ ಅಂದರು. ಬಾಯಿ ಬಿಟ್ಟು ಏನನ್ನೂ ಕೇಳಿದವರಲ್ಲ ಅವರು. ನಾನು ಸಮಾರಂಭ ನಡೆಸುವ ನಿವೃತ್ತ ಹವಾಲ್ದಾರರ ಮನೆಗೇ ಹೋಗಿ ಜಗಳವಾಡಿದೆ. ಅವರು ಅರ್ಧ ಕೇಳಿಸಿಕೊಂಡು, "ಆಯ್ತು ಆಯ್ತು, ಕರ್ಕೊಂಡು ಬನ್ನಿ" ಎಂದರು.

ನಮ್ಮ ಕಡೆ ಸನ್ಮಾನವೆಂದರೆ ದಂಪತಿಗೇ. ಗಂಡನಿಗೆ ಶಾಲು, ಪೇಟ. ಪಕ್ಕದ ಕುರ್ಚಿಯಲ್ಲಿರುವ ಹೆಂಡತಿಗೆ ಅರಿಶಿನ ಕುಂಕುಮ, ರವಿಕೆ ಕಣ. ಆ ಸ್ವಾತಂತ್ರ್ಯ ದಿನ ಅತ್ತೆ ಬಿಳಿ ಸೀರೆಯುಟ್ಟು, ಪದಕಗಳನ್ನು ತಾವೇ ಚುಚ್ಚಿಕೊಂಡು ಜೀಪು ಹತ್ತಿದ್ದರು. ಮೈದಾನದ ವೇದಿಕೆಯಲ್ಲಿ ಅವರ ಪಕ್ಕದ ಕುರ್ಚಿ ಖಾಲಿ. ಅದನ್ನು ನೋಡಿದ ಹವಾಲ್ದಾರರು ಮೈಕಿನಲ್ಲಿ ಸಾರಿದರು: "ಈಗ, ದಿವಂಗತ ಯೋಧರೊಬ್ಬರ ಧರ್ಮಪತ್ನಿ..."

ಮದುವೆಯೇ ಆಗದ ಹೆಂಗಸಿಗೆ ಗಂಡನನ್ನು ಹುಟ್ಟಿಸಿ, ಸಾಯಿಸಿಯೂ ಬಿಟ್ಟರಲ್ಲ, ಥೂ! ವಿಧವೆಯೆಂದು ಕುಂಕುಮದ ತಟ್ಟೆಯೂ ಅವರನ್ನು ದಾಟಿ ಮುಂದೆ ಹೋಯಿತು.

ಅತ್ತೆ ಎದ್ದು ನಿಂತರು. "ಗಂಡನ ಮೆಡಲ್ ಆಗಿದ್ರೆ ಬಲಗಡೆ ಹಾಕ್ತಿದ್ದೆ. ಇವು ಎಡಗಡೆ ಇದಾವೆ, ನೋಡಿ. ನನ್ನವು."

"ಎರಡೂ ಒಂದೇ ಅಲ್ವಾ ನರ್ಸಮ್ಮ, ಕೂತ್ಕೊಳ್ಳಿ" ಎಂದು ಆ ಮನುಷ್ಯ ನಕ್ಕ. ಒಂದೇ ಅಂತೆ! ಸೇನೆಯಲ್ಲಿ ಅನ್ನ ತಿಂದವನ ಮಾತು ಇದು. ಅತ್ತೆ ತಮಗೆ ಹೊದಿಸಿದ್ದ ಶಾಲನ್ನು ಮಡಿಸಿ ಖಾಲಿ ಕುರ್ಚಿಯ ಮೇಲಿಟ್ಟು ಇಳಿದು ಬಂದರು. ಜೀಪಿನಲ್ಲಿ ನಾನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಮತ್ತೆ ಆ ಮಾತೆತ್ತಲಿಲ್ಲ.

ಆ ವರ್ಷ ಕಾಫಿ ಹಣ್ಣಾಗುವ ಹೊತ್ತಿಗೆ ಅತ್ತೆ ಹೋದರು. ಸೀರೆ ಉಡಿಸಿ ಮಲಗಿಸಿದ್ದ ಅವರ ಎದೆಯ ಎಡಗಡೆಗೆ ನಾನೇ ಪದಕಗಳನ್ನು ಚುಚ್ಚಿದೆ. "ಹೆಣ್ಣು ಹೆಣಕ್ಕೆ ಇದೆಲ್ಲ ಎಂತಕ್ಕೆ?" ಎಂದ ದೊಡ್ಡಪ್ಪನನ್ನು ದುರುಗುಟ್ಟಿ ನೋಡಿದೆ. ಅಷ್ಟರಲ್ಲಿ ಹೂವಿನ ಹಾರ ಹಿಡಿದು ಹವಾಲ್ದಾರರು ಬಂದರು. ಹಾರ ಹಾಕಿದರು. ಕೈ ಮುಗಿದರು.

ಸೇನೆಯಲ್ಲಿ ಲಾರಿ ಓಡಿಸುತ್ತಿದ್ದ ಹಿಂದಿನ ಬೀದಿಯವರೊಬ್ಬರು ತೀರಿಕೊಂಡಾಗ ಇದೇ ಮನುಷ್ಯ ಕಾಲು ಅಪ್ಪಳಿಸಿ ಸೆಲ್ಯೂಟ್ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

"ಮುಗಿದ ಕೈ ಇಳಿಸಿ" ಎಂದೆ. ಸಾವಿನ ಮನೆಯೆಂದೂ ನೋಡಲಿಲ್ಲ, ಕಿರುಚಿಯೇ ಬಿಟ್ಟೆ. "ಮಲಗಿರೋದು ಮೇಜರ್. ಸೆಲ್ಯೂಟ್ ಹೊಡೀರಿ!"

ಹವಾಲ್ದಾರರು ಪದಕಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು.

ಅತ್ತೆಯ ಕಣ್ಣು ಮುಚ್ಚಿತ್ತು. ಅದು ತೆರೆದಿದ್ದಾಗ ಹೊಡೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಹವಾಲ್ದಾರರೇ?