ತವರಿನ ಬಸ್ಸು

ನಿರ್ಧಾರ ಎಂದರೆ ನನಗೆ ಮೊದಲಿನಿಂದಲೂ ಆಗಿಬರದು. ತೆಲುಗು ನಾಡಿನ ಮೆಹದಿಪಟ್ಟಣಂನ ನಮ್ಮ ಮನೆಯಲ್ಲಿ ಮಂಚ, ಫ್ರಿಜ್ಜು, ಬಟ್ಟೆ ಒಗೆಯುವ ಮಷೀನು ಎಲ್ಲವೂ ತಿಂಗಳ ಬಾಡಿಗೆಯವು. ಬೇಡವೆನಿಸಿದ ದಿನ ವಾಪಸು ಕೊಡಬಹುದು ಎಂಬ ಕಾರಣಕ್ಕೇ ಅವುಗಳ ಮೇಲೆ ನನಗೆ ಪ್ರೀತಿ. ಮದುವೆಗೆ ಒಪ್ಪಲು ಎರಡೂ ಕಡೆಯವರನ್ನು ಮೂರು ವರ್ಷ ಸತಾಯಿಸಿದ್ದೆ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಅನುಮಾನ ಬಂದರೆ ಇನ್ನೊಮ್ಮೆ ಪರೀಕ್ಷೆಗೆ ಹಾಕುವುದು ಅಲ್ಲಿಯ ನಿಯಮ. ಇಂಥ ಒಳ್ಳೆಯ ನಿಯಮ ಸಂಸಾರದಲ್ಲಿ ಯಾಕಿಲ್ಲವೋ ತಿಳಿಯದು.

ಹೆಂಡತಿ ಬಸುರಿಯಾದಾಗ ಹೊರಗೆ ಲಡ್ಡು ಹಂಚಿದೆ. ಒಳಗೆ ಬಂದು ಕ್ಯಾಲೆಂಡರಿನಲ್ಲಿ ಉಳಿದ ತಿಂಗಳು ಎಣಿಸಿದೆ. ಮಗುವನ್ನು ಬೆಳೆಸುವ ಮೊದಲು ನಾನು ಬೆಳೆಯಬೇಕಿತ್ತು, ಅದಕ್ಕೆ ಸಮಯ ಬೇಕಿತ್ತು. ಪುಣ್ಯಕ್ಕೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ವಿಜಯಪುರ ಕಡೆಯ ಪದ್ಧತಿ. ಏಳನೇ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಮಗಳನ್ನು ಕರೆದೊಯ್ದರೆ, ಕೂಸಿಗೆ ಐದು ತಿಂಗಳು ತುಂಬಿದ ಮೇಲೆಯೇ ತಾಯಿ ಮಗು ವಾಪಸು ಬರುವುದು. ಅಷ್ಟರೊಳಗೆ ಯಾರ ಕಣ್ಣಿಗೂ ಬೀಳದೆ ದೊಡ್ಡವನಾಗಿಬಿಡುವುದು ನನ್ನ ಯೋಜನೆ. ಸಿಕ್ಕವರಿಗೆಲ್ಲ ಪದ್ಧತಿ ಮುರಿಯಬಾರದು ಎನ್ನುತ್ತಿದ್ದೆ. ಉಳಿದಂತೆ ನಾನು ಪದ್ಧತಿಯ ಮನುಷ್ಯನಲ್ಲ.

ಅತ್ತೆ ಊರಿನಿಂದ ಹಸಿರು ಸೀರೆ, ಹಸಿರು ಬಳೆ ತಂದರು. ಪಕ್ಕದ ಮನೆಗಳ ತೆಲುಗು ಹೆಂಗಸರೂ ಬಂದು ಆರತಿ ಎತ್ತಿ, ಹೋಳಿಗೆ ಊಟಕ್ಕೆ ಕುಳಿತರು. ಅವರು ಎಲೆ ಬಿಟ್ಟು ಏಳುವ ಮೊದಲೇ ನಾನು ಮೊಬೈಲಿನಲ್ಲಿ ಮರುದಿನದ ವಿಜಯಪುರದ ಬಸ್ಸಿಗೆ ತಾಯಿ ಮಗಳಿಗೆ ಸೀಟು ಹಿಡಿದಾಗಿತ್ತು. ಮುಂದಿನ ಸಾಲು, ಕಿಟಕಿ ಪಕ್ಕ. ಅಳಿಯನ ಮುತುವರ್ಜಿಯನ್ನು ಅತ್ತೆ ಹೊಗಳಿದರು. ಹೆಂಡತಿ ನನ್ನ ಮೊಬೈಲು ಇಸಿದುಕೊಂಡು ಟಿಕೀಟು ನೋಡಿದಳು.

ಬೆಳಿಗ್ಗೆ ಆಟೋ ಬಂದು ಕೆಳಗೆ ನಿಂತಿತು. ನಾನು ಬ್ಯಾಗು ಎತ್ತಿಕೊಂಡೆ. ಅವಳು ಕುರ್ಚಿಯಿಂದ ಏಳಲಿಲ್ಲ.

"ಇಷ್ಟ ಲಗೂನ ನೀವು ಯಾವ ಕೆಲಸಾನೂ ಮಾಡಿಲ್ಲ" ಅಂದಳು. "ನಾ ಹೋಗಂಗಿಲ್ರಿ."

ಅತ್ತೆ ಗಾಬರಿಯಾದರು. ತವರಿದ್ದೂ ಮಗಳು ಗಂಡನ ಮನೆಯಲ್ಲಿ ಹೆತ್ತರೆ ಮಂದಿ ಏನಂದಾರು ಎಂದು ಕೇಳಿದರು. ನಾನೂ ಅವರ ಪರ ನಿಂತು ಅಲ್ಲಿಯ ಎಣ್ಣೆ-ನೀರು, ಅಂಟಿನುಂಡೆ, ಆರೈಕೆಯನ್ನೆಲ್ಲ ಬಣ್ಣಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವ್ವ ಇಲ್ಲೇ ಇರ್ತಾಳ, ಅಂಟಿನುಂಡಿ ಇಲ್ಲೇ ಕಟ್ತಾಳ. ನಾ ಅಲ್ಲಿ ಹಡದ್ರ ನೀವು ಬೀಗರಂಗ ಬಂದು, ಕೂಸಿನ ಮಾರಿ ನೋಡಿ, ಚಾ ಕುಡದು ಹೊಳ್ಳಿ ಬರ್ತೀರಿ. ಆಮ್ಯಾಲ ನಿಮಗ ಅದ ರೂಢಿ ಆಗ್ತೈತಿ."

ನನ್ನ ಯೋಜನೆಯನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ನಾನೇ ಹೇಳಿಕೊಂಡಿರಲಿಲ್ಲ. ಕೈಯಲ್ಲಿ ಬ್ಯಾಗು ಹಿಡಿದುಕೊಂಡೇ, ಅತ್ತೆಯ ಎದುರಿಗೆ ಆಡಬಾರದ ಮಾತು ಆಡಿಬಿಟ್ಟೆ.

"ನನಗ ಹೆದರಿಕಿ ಆಗ್ತೈತಿ."

"ನನಗೂ ಆಗ್ತೈತಿ" ಅಂದಳು. "ನಾ ಯಾವ ಬಸ್ ಹತ್ತಲಿ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದರು. ನಾನು ಕೆಳಗಿಳಿದು ಆಟೋದವನಿಗೆ ಇವತ್ತು ಬೇಡ ಎಂದೆ. ಹಾಗಾದರೆ ಯಾವತ್ತು ಬರಲಿ ಎಂದು ಅವನು ಹಿಂದಿಯಲ್ಲಿ ಕೇಳಿದ. ಯಾವತ್ತೂ ಬೇಡ, ನಮ್ಮ ಮಗು ಇಲ್ಲೇ ಹುಟ್ಟುತ್ತದೆ ಎಂದೆ. ನಮ್ಮ ಮಗು ಎಂಬ ಮಾತನ್ನು ನಾನು ಮೊದಲು ಆಡಿದ್ದು ಅವನೊಡನೆ. ಕೈಯಲ್ಲಿದ್ದ ಬ್ಯಾಗು ಹೊತ್ತು ಮತ್ತೆ ಮೆಟ್ಟಿಲು ಹತ್ತಿದೆ.